ಟೀಮ್ ನಡೆಸಿದ್ದೇನೆ, ಮ್ಯಾನೇಜರ್ ಅನ್ನೋ ಹೆಸರಿಲ್ಲ: ಇಂಟರ್‌ವ್ಯೂಗೆ ಹೇಗೆ ತಯಾರಾಗಲಿ?

ಪ್ರಶ್ನೆ: ಮೇಡಂ, ನನಗೆ 36 ವರ್ಷ. ಊರು ಅರಸೀಕೆರೆ ಹತ್ತಿರದ ಹಳ್ಳಿ. ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ. 12 ವರ್ಷದಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಈಗ ಟೆಕ್ ಲೀಡ್. ಆರು ಜನರ ಕೆಲಸ ದಿನಾ ನಾನೇ ನೋಡಿಕೊಳ್ಳುತ್ತೇನೆ. ಆದರೆ ಕಾಗದದ ಮೇಲೆ ಅವರೆಲ್ಲ ನನ್ನ ಮ್ಯಾನೇಜರ್‌ಗೇ ರಿಪೋರ್ಟ್ ಮಾಡುತ್ತಾರೆ. ಎಂಜಿನಿಯರಿಂಗ್ ಮ್ಯಾನೇಜರ್ ಕೆಲಸಕ್ಕೆ ಎರಡು ಕಂಪನಿಗಳಲ್ಲಿ ಇಂಟರ್‌ವ್ಯೂ ಕೊಟ್ಟೆ, ಎರಡೂ ಕಡೆ ಆಗಲಿಲ್ಲ. ‘ಟೆಕ್ನಿಕಲ್ ಆಗಿ ಚೆನ್ನಾಗಿದ್ದಾರೆ, ಆದರೆ ಜನರನ್ನು ನಡೆಸಿದ ಅನುಭವ ಅಷ್ಟಾಗಿ ಕಾಣಲಿಲ್ಲ’ ಅಂತ ಒಂದು ಕಡೆಯ ರಿಕ್ರೂಟರ್ ಹೇಳಿದರು. ಇನ್ನು ಐದು ವಾರಕ್ಕೆ ಮೂರನೆಯದು ಇದೆ. ದಿನಾ ರಾತ್ರಿ ಎರಡು ಗಂಟೆ ಲೀಟ್‌ಕೋಡ್ (ಕೋಡಿಂಗ್ ಪ್ರಶ್ನೆಗಳನ್ನು ಬಿಡಿಸಿ ಅಭ್ಯಾಸ ಮಾಡುವ ವೆಬ್‌ಸೈಟ್) ಮಾಡುತ್ತಿದ್ದೇನೆ. ಇಂಗ್ಲಿಷ್ ಮಾತಾಡುವಾಗ ತಡವರಿಸುತ್ತೇನೆ. ಯಾರಿಗೂ ಅಪ್ರೈಸಲ್ ಬರೆದಿಲ್ಲ, ಯಾರನ್ನೂ ಕೆಲಸದಿಂದ ತೆಗೆದಿಲ್ಲ. ‘ಒಂದೆರಡು ಕಥೆ ಕಟ್ಟಿ ಹೇಳು, ಎಲ್ಲರೂ ಹಾಗೇ ಮಾಡೋದು’ ಅನ್ನುತ್ತಾರೆ ಸ್ನೇಹಿತರು. ಏನು ಮಾಡಲಿ? ಈಗಿನ ಮ್ಯಾನೇಜರ್‌ಗೆ ವಿಷಯ ಹೇಳಿಬಿಡಬೇಕಾ?

ಉತ್ತರ:

ನಿಮ್ಮ ಪತ್ರದಲ್ಲಿ ಮೂರು ಚಿಂತೆ ಒಟ್ಟಿಗೆ ಸೇರಿಕೊಂಡಿವೆ. ಕೋಡಿಂಗ್ ಸಾಲದೇನೋ, ಇಂಗ್ಲಿಷ್ ಸಾಲದೇನೋ, ಮ್ಯಾನೇಜರ್ ಅನ್ನೋ ಹೆಸರೇ ಇಲ್ಲವಲ್ಲ. ನೀವು ರಾತ್ರಿಯ ಎರಡು ಗಂಟೆ ಕೊಡುತ್ತಿರುವುದು ಮೊದಲನೆಯದಕ್ಕೆ. ಆದರೆ ನಿಮ್ಮನ್ನು ಬಿಟ್ಟಿದ್ದು ಅದಕ್ಕಲ್ಲ ಅಂತ ಆ ರಿಕ್ರೂಟರ್ ಬಾಯಿಬಿಟ್ಟೇ ಹೇಳಿದ್ದಾರೆ, ಅಲ್ವಾ? ಆ ಫೀಡ್‌ಬ್ಯಾಕನ್ನು ನಂಬಿ. ಇಂಥ ಪ್ಯಾನೆಲ್‌ಗಳಲ್ಲಿ ನಾನು ಹತ್ತು ವರ್ಷಕ್ಕೂ ಜಾಸ್ತಿ ಕೂತಿದ್ದೇನೆ. ‘ಜನರನ್ನು ನಡೆಸಿದ್ದು ಕಾಣಲಿಲ್ಲ’ ಅಂತ ನಾವು ಬರೆಯುವುದು ಸಾಮಾನ್ಯವಾಗಿ ಅನುಭವ ಇಲ್ಲದವರ ಬಗ್ಗೆ ಅಲ್ಲ. ಅನುಭವ ಇದ್ದೂ ಉತ್ತರದಲ್ಲಿ ಒಬ್ಬ ಮನುಷ್ಯನೂ ಕಾಣದೆ ಹೋದವರ ಬಗ್ಗೆ.

ಇದು ಹೇಗಿರುತ್ತದೆ ಅಂತ ತೋರಿಸುತ್ತೇನೆ. ಹಳೆಯ ಸಹೋದ್ಯೋಗಿ ಒಬ್ಬರಿಗೆ ಹೋದ ವರ್ಷ ಅಭ್ಯಾಸದ ಇಂಟರ್‌ವ್ಯೂ ಮಾಡಿದೆ. ಅವರೂ ನಿಮ್ಮ ಹಾಗೇ ಲೀಡ್. ‘ಕೆಲಸದಲ್ಲಿ ಹಿಂದೆ ಬಿದ್ದವರನ್ನು ಹೇಗೆ ನಿಭಾಯಿಸಿದಿರಿ?’ ಅಂತ ಕೇಳಿದೆ. ‘ಟೀಮ್‌ನಲ್ಲಿ ಒಬ್ಬರ ಪರ್ಫಾರ್ಮೆನ್ಸ್ ಸರಿ ಇರಲಿಲ್ಲ. ಮಾತಾಡಿದೆವು, ಗುರಿ ಹಾಕಿಕೊಟ್ಟೆವು, ಮೂರು ತಿಂಗಳಲ್ಲಿ ಸುಧಾರಿಸಿತು’ ಅಂದರು. 20 ಸೆಕೆಂಡಿನಲ್ಲಿ ಉತ್ತರ ಮುಗಿಯಿತು. ನಾನು ಅಲ್ಲೇ ನಿಲ್ಲಿಸಿ, ‘ಮೊದಲು ಗೊತ್ತಾಗಿದ್ದು ಯಾವಾಗ? ಎಲ್ಲಿ ಕೂತು ಮಾತಾಡಿದಿರಿ? ಮೊದಲ ಮಾತು ಏನು?’ ಅಂತ ಕೇಳುತ್ತಾ ಹೋದೆ. ಆಗ ನಿಜವಾದ ಕಥೆ ಹೊರಗೆ ಬಂತು.

ಹುಡುಗನಿಗೆ ಮೂರು ವರ್ಷದ ಅನುಭವ. ಅವನು ಕೊಟ್ಟ ಕೋಡ್ ಮೂರು ಸಲ ಕ್ಯೂಎ, ಅಂದರೆ ಕೋಡ್ ಪರೀಕ್ಷಿಸುವವರ ಹತ್ತಿರ ಹೋಗಿ ವಾಪಸ್ ಬಂದಿತ್ತು. ಇವರು ಅವನನ್ನು ಕ್ಯಾಂಟೀನ್‌ಗೆ ಕರೆದುಕೊಂಡು ಹೋಗಿ, ಟೀ ಕೈಗೆ ಬಂದ ಮೇಲೆ, ‘ಈ ಮೂರು ಬಗ್‌ಗಳಲ್ಲಿ ನಿನಗೆ ಮೊದಲೇ ಕಂಡಿದ್ದು ಯಾವುದು?’ ಅಂತ ಕೇಳಿದ್ದಾರೆ. ಅವನು ಸುಮಾರು ಹೊತ್ತು ಸುಮ್ಮನಿದ್ದು, ‘ಒಂದೂ ಓಡಿಸಿ ನೋಡಿರಲಿಲ್ಲ ಮೇಡಂ’ ಅಂದನಂತೆ. ಅವನ ಲ್ಯಾಪ್‌ಟಾಪ್‌ನಲ್ಲಿ ಇಡೀ ಸರ್ವಿಸ್ ಎದ್ದು ನಿಲ್ಲಲು 40 ನಿಮಿಷ ಬೇಕಿತ್ತು. ಉಳಿದವರಿಗೆ ಐದು ನಿಮಿಷ ಸಾಕಿತ್ತು. ಎಲ್ಲರಿಗೂ ಸಲೀಸಾಗಿ ಆಗುವುದು ತನಗೆ ಮಾತ್ರ ಯಾಕೆ ಆಗುತ್ತಿಲ್ಲ ಅಂತ ಕೇಳಲು ಅವನಿಗೆ ನಾಚಿಕೆ. ಇವರು ಅದೇ ಮಧ್ಯಾಹ್ನ ಪಕ್ಕ ಕೂತು ಸೆಟಪ್ ಸರಿಮಾಡಿಸಿದರು. ಮುಂದಿನ ಎರಡು ವಾರ ಅವನಿಗೆ ಸಣ್ಣ ಸಣ್ಣ ಕೆಲಸ ಮಾತ್ರ ಕೊಟ್ಟರು. ಪ್ರತಿ ಸಂಜೆ ಹತ್ತು ನಿಮಿಷ ಅವನ ಜೊತೆ ಕೂತರು. ತಮ್ಮ ಮ್ಯಾನೇಜರ್‌ಗೆ ಹೋಗಿ, ‘ಈ ತಿಂಗಳು ಅವನ ಮೇಲೆ ಒತ್ತಡ ಹಾಕಬೇಡಿ, ತಿಂಗಳ ಕೊನೆಗೆ ನಾನೇ ಬಂದು ಹೇಳುತ್ತೇನೆ’ ಅಂದರು. ‘ನಿಮ್ಮಿಂದ ಏನು ತಪ್ಪಾಯಿತು?’ ಅಂತ ಕೇಳಿದ್ದಕ್ಕೆ, ‘ಎರಡು ತಿಂಗಳು ಸುಮ್ಮನೆ ಕಾದೆ. ಮೊದಲನೇ ಸಲ ವಾಪಸ್ ಬಂದಾಗಲೇ ಕೇಳಬೇಕಿತ್ತು’ ಅಂದರು.

ಎರಡೂ ಒಂದೇ ಘಟನೆ. ಮೊದಲನೆಯದನ್ನು ಕೇಳಿದರೆ ನಾನು ‘ಆಳ ಕಾಣಲಿಲ್ಲ’ ಅಂತಲೇ ಬರೆಯುತ್ತಿದ್ದೆ. ಎರಡನೆಯದನ್ನು ಹೇಳಿದವರಿಗೆ ಮ್ಯಾನೇಜರ್ ಅನ್ನೋ ಹೆಸರು ಇರಲಿಲ್ಲ, ನೋಡಿ. ಅದು ಅಡ್ಡ ಬರಲೇ ಇಲ್ಲ.

ಈಗ ಇಂಗ್ಲಿಷ್ ವಿಷಯ. ನಿಧಾನವಾಗಿ ಮಾತಾಡುವುದು, ಪದಕ್ಕೆ ತಡಕಾಡುವುದು, ವ್ಯಾಕರಣದಲ್ಲಿ ಅಲ್ಲಿ ಇಲ್ಲಿ ಎಡವುವುದು, ಇವಕ್ಕಾಗಿ ಒಬ್ಬರನ್ನು ಬಿಟ್ಟಿದ್ದನ್ನು ನಾನು ಕೂತ ಪ್ಯಾನೆಲ್‌ಗಳಲ್ಲಿ ನೋಡಿಲ್ಲ. ಆದರೆ ಕನ್ನಡದಲ್ಲಿ ಯೋಚಿಸುವ ನಮಗೆ ಬೇರೊಂದು ತೊಡಕಿದೆ, ಅದರ ಬಗ್ಗೆ ಯಾರೂ ಹೇಳುವುದಿಲ್ಲ. ನಮ್ಮಲ್ಲಿ ‘ರಿಲೀಸ್ ಆಯ್ತು’, ‘ಜಗಳ ಸರಿಹೋಯ್ತು’, ‘ಡೇಟ್ ಮುಂದಕ್ಕೆ ಹೋಯ್ತು’ ಅಂತೀವಿ. ಯಾರು ಮಾಡಿದ್ದು ಅಂತ ಹೇಳುವ ಅಗತ್ಯವೇ ಬೀಳುವುದಿಲ್ಲ. ಹೇಳಿದರೂ ‘ನಾವು ಮಾಡಿದ್ವಿ’. ‘ನಾನು ಮಾಡಿದೆ’ ಅಂದರೆ ಜಂಬ ಅಂತ ಮನೆಯಲ್ಲೇ ಕಲಿತಿರುತ್ತೇವೆ. ಅದು ಒಳ್ಳೆಯ ಗುಣವೇ. ಆದರೆ ಇಂಟರ್‌ವ್ಯೂನಲ್ಲಿ ಎದುರಿಗಿರುವವರಿಗೆ ನೀವು ಮಾಡಿದ್ದು ಯಾವುದು, ನಿಮ್ಮ ಮ್ಯಾನೇಜರ್ ಮಾಡಿದ್ದು ಯಾವುದು, ತಾನಾಗಿ ಆಗಿದ್ದು ಯಾವುದು ಅಂತ ತಿಳಿಯುವುದೇ ಇಲ್ಲ. ನಾವು ಮುಂದೆ ಇಟ್ಟುಕೊಂಡ ಕಾಗದದಲ್ಲಿ ‘ಇವರ ಪಾತ್ರ ಸ್ಪಷ್ಟವಿಲ್ಲ’ ಅಂತ ಬರೆದುಕೊಳ್ಳುತ್ತೇವೆ.

ಹಾಗಾಗಿ ಕಥೆಯನ್ನು ಮೊದಲು ಕನ್ನಡದಲ್ಲೇ ಬರೆಯಿರಿ. ಪ್ರತಿ ವಾಕ್ಯಕ್ಕೂ ಯಾರು ಅಂತ ಸೇರಿಸಿ. ನಾನು ಕೇಳಿದೆ, ಅವಳು ಒಪ್ಪಲಿಲ್ಲ, ಮ್ಯಾನೇಜರ್ ಎರಡು ವಾರ ಕೊಟ್ಟರು, ನಾನು ಅದನ್ನು ಹೀಗೆ ಬಳಸಿದೆ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಜೋರಾಗಿ ಹೇಳಿ ನೋಡಿ. ಯಾರು ಏನು ಮಾಡಿದರು ಅಂತ ಗೊತ್ತಿದ್ದರೆ ಸಾದಾ ಇಂಗ್ಲಿಷೂ ಸಾಕಾಗುತ್ತದೆ. ತಡವರಿಕೆ ಅರ್ಧಕ್ಕರ್ಧ ಬರುವುದು ಹೇಳಬೇಕಾದ್ದು ಏನು ಅಂತ ಗೊತ್ತಿಲ್ಲದಾಗ.

ಲೀಟ್‌ಕೋಡ್ ಪೂರ್ತಿ ಬಿಡಿ ಅಂತ ನಾನು ಹೇಳುವುದಿಲ್ಲ. ಮ್ಯಾನೇಜರ್‌ಗಳಿಗೂ ಕೋಡಿಂಗ್ ರೌಂಡ್ ಇಡುವ ಕಂಪನಿಗಳು ಇವೆ. ಅದಕ್ಕೆ ಕಾರಣವೂ ಇದೆ. ಮೆಟಾ 2023ರಲ್ಲಿ ಮಧ್ಯದ ಮ್ಯಾನೇಜರ್‌ಗಳ ಪದರ ಕಡಿಮೆ ಮಾಡಿತು, ಕೆಲವರಿಗೆ ಮತ್ತೆ ಎಂಜಿನಿಯರ್ ಆಗಿ ಕೆಲಸ ಮಾಡಿ ಅಂದಿತು. ಅಮೆಜಾನ್ 2024ರ ಸೆಪ್ಟೆಂಬರ್‌ನಲ್ಲಿ, ಮ್ಯಾನೇಜರ್‌ಗಳಿಗೆ ಹೋಲಿಸಿದರೆ ನೇರ ಕೆಲಸ ಮಾಡುವವರ ಪ್ರಮಾಣ ಕನಿಷ್ಠ 15 ಶೇಕಡಾ ಜಾಸ್ತಿ ಆಗಬೇಕು ಅಂತ ಹೇಳಿತು. ಬರೀ ಮೀಟಿಂಗ್ ನಡೆಸುವ ಮ್ಯಾನೇಜರ್ ಬೇಡ ಅನ್ನುವ ಗಾಳಿ ಬೆಂಗಳೂರಿನ ಆಫೀಸುಗಳಲ್ಲೂ ಬೀಸುತ್ತಿದೆ. ಆದರೆ ನೀವು ಇಂಟರ್‌ವ್ಯೂಗೆ ಹೋಗುವ ಕಂಪನಿಯಲ್ಲಿ ಆ ರೌಂಡ್ ಇದೆಯಾ ಅಂತ ಊಹಿಸುತ್ತಾ ಕೂರಬೇಡಿ. ರಿಕ್ರೂಟರ್‌ಗೆ ಫೋನ್ ಮಾಡಿ. ‘ಎಷ್ಟು ರೌಂಡ್, ಯಾವ ರೌಂಡ್‌ನಲ್ಲಿ ಏನು ನೋಡುತ್ತೀರಿ, ಕೋಡಿಂಗ್ ಇದೆಯಾ?’ ಅಂತ ಕೇಳಿ. ಇದನ್ನು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ, ಅವರ ಕೆಲಸವೇ ಅದು. ಇದ್ದರೆ ದಿನಕ್ಕೆ ಅರ್ಧ ಗಂಟೆ ಕೊಡಿ, ಕೈ ತುಕ್ಕು ಹಿಡಿಯದಷ್ಟು. ಇಲ್ಲದಿದ್ದರೆ ಇವತ್ತೇ ನಿಲ್ಲಿಸಿ.

ಕಂಪನಿ ಏನನ್ನು ಅಳೆಯುತ್ತದೆ ಅನ್ನೋದನ್ನೂ ತಿಳಿದುಕೊಂಡು ಹೋಗಿ. ಅಮೆಜಾನ್‌ನಲ್ಲಿ 16 ಲೀಡರ್‌ಶಿಪ್ ತತ್ವಗಳಿವೆ, ಪ್ರಶ್ನೆಗಳು ಅವುಗಳಿಂದಲೇ ಹುಟ್ಟುತ್ತವೆ. ಆ ಟೀಮಿಗೆ ಸಂಬಂಧವಿಲ್ಲದ ‘ಬಾರ್ ರೈಸರ್’ ಒಬ್ಬರು ಪ್ಯಾನೆಲ್‌ನಲ್ಲಿ ಇರುತ್ತಾರೆ, ಅವರ ಮಾತಿಗೆ ತೂಕ ಜಾಸ್ತಿ. ಗೂಗಲ್ 2008ರಲ್ಲಿ ಪ್ರಾಜೆಕ್ಟ್ ಆಕ್ಸಿಜನ್ ಅನ್ನುವ ಅಧ್ಯಯನ ಶುರು ಮಾಡಿ, ಒಳ್ಳೆಯ ಮ್ಯಾನೇಜರ್‌ಗಳಲ್ಲಿ ಕಂಡ ಎಂಟು ಗುಣಗಳನ್ನು ಪಟ್ಟಿ ಮಾಡಿತ್ತು. ಅದರಲ್ಲಿ ಒಳ್ಳೆಯ ಕೋಚ್ ಆಗಿರುವುದು ಮೊದಲನೆಯದು, ಟೆಕ್ನಿಕಲ್ ಜ್ಞಾನ ಎಂಟನೆಯದು. ಹಾಗಂತ ಅದು ಬೇಡ ಅಂತಲ್ಲ, ಎಂಟರಲ್ಲಿ ಅದೂ ಒಂದು.

ಸಿಸ್ಟಮ್ ಡಿಸೈನ್ ರೌಂಡ್ (ಒಂದು ದೊಡ್ಡ ಸಾಫ್ಟ್‌ವೇರನ್ನು ಹೇಗೆ ಕಟ್ಟುತ್ತೀರಿ ಅಂತ ಚಿತ್ರ ಬರೆದು ವಿವರಿಸುವ ಸುತ್ತು) ಬಗ್ಗೆ ನೀವು ಕೇಳಲಿಲ್ಲ, ಬಹುಶಃ ಧೈರ್ಯ ಇದೆ. ಆದರೂ ಒಂದು ಎಚ್ಚರಿಕೆ. ಮ್ಯಾನೇಜರ್ ಆಗಿ ಆ ರೌಂಡ್‌ಗೆ ಹೋದಾಗ ಉತ್ತರ ಬಾಕ್ಸು, ಬಾಣಗಳ ಹತ್ತಿರ ನಿಲ್ಲಬಾರದು. ಒಂದು ಉದಾಹರಣೆ. ಗ್ರಾಹಕರು 500 ರೂಪಾಯಿ ಕಟ್ಟುತ್ತಾರೆ. ಉತ್ತರ ತಡವಾಗುತ್ತದೆ. ಆ್ಯಪ್ ತಾನೇ ಮತ್ತೆ ಪ್ರಯತ್ನಿಸುತ್ತದೆ. ಎರಡು ಸಲ ದುಡ್ಡು ಹೋಗುತ್ತದೆ. ಪರಿಹಾರ ನಿಮಗೆ ಗೊತ್ತು: ಒಂದು ಪಾವತಿಗೆ ಒಂದು ಐಡೆಂಪೊಟೆನ್ಸಿ ಕೀ (ಆ ಪಾವತಿಯ ಗುರುತಿನ ಸಂಖ್ಯೆ), ಎಷ್ಟು ಸಲ ಕಳಿಸಿದರೂ ಅದೇ ಕೀ, ಸರ್ವರ್‌ನಲ್ಲಿ ಅದೇ ಕೀ ಮತ್ತೆ ಬಂದರೆ ಹೊಸದಾಗಿ ದುಡ್ಡು ತೆಗೆಯದೆ ಹಳೆಯ ಫಲಿತಾಂಶವನ್ನೇ ವಾಪಸ್ ಕೊಡುವುದು. ಉತ್ತರ ಬರದಿದ್ದರೆ ಫೇಲ್ ಅಂತ ತಿಳಿಯದೆ ಪೆಂಡಿಂಗ್ ಅಂತ ಇಟ್ಟು, ಆಮೇಲೆ ವಿಚಾರಿಸುವುದು. ಇಷ್ಟನ್ನು ಒಬ್ಬ ಒಳ್ಳೆಯ ಸೀನಿಯರ್ ಎಂಜಿನಿಯರ್ ಕೂಡ ಹೇಳುತ್ತಾರೆ. ನಿಮ್ಮಿಂದ ಇನ್ನೂ ಮುಂದಿನದು ಬೇಕು. ಇದು ಶುಕ್ರವಾರ ಸಂಜೆ ಆದರೆ ಮೊದಲು ಯಾರಿಗೆ ಫೋನ್? ರಿಫಂಡ್ ಮೊದಲಾ, ಬಗ್ ಸರಿಮಾಡುವುದು ಮೊದಲಾ? ಗ್ರಾಹಕರು ಕೇಳಿದರೆ ಏನು ಹೇಳಬೇಕು ಅಂತ ಸಪೋರ್ಟ್‌ನವರಿಗೆ ಬರೆದುಕೊಡುವವರು ಯಾರು? ಮುಂದಿನ ಸ್ಪ್ರಿಂಟ್‌ನಲ್ಲಿ, ಅಂದರೆ ಮುಂದಿನ ಕೆಲವು ವಾರದ ಕೆಲಸದ ಸುತ್ತಿನಲ್ಲಿ, ಯಾವ ಕೆಲಸ ಕೈಬಿಡುತ್ತೀರಿ? ಆ ರೀಟ್ರೈ ಕೋಡ್ ಬರೆದದ್ದು ಕೆಲಸಕ್ಕೆ ಸೇರಿ ಆರು ತಿಂಗಳಾದ ಹುಡುಗಿ ಆಗಿದ್ದರೆ, ಏನು ತಪ್ಪಾಯಿತು ಅಂತ ನೋಡುವ ಸೋಮವಾರದ ಪೋಸ್ಟ್‌ಮಾರ್ಟಮ್ ಮೀಟಿಂಗ್‌ನಲ್ಲಿ ಅವಳು ತಲೆ ತಗ್ಗಿಸಿ ಕೂರದ ಹಾಗೆ ನೀವು ಏನು ಮಾಡುತ್ತೀರಿ? ಇವುಗಳಲ್ಲಿ ಎರಡನ್ನು ನೀವಾಗಿಯೇ ಎತ್ತಿದರೆ ಸಾಕು, ಎದುರಿಗಿರುವವರು ಪೆನ್ ಕೈಗೆ ತೆಗೆದುಕೊಳ್ಳುತ್ತಾರೆ.

ಕಥೆ ಕಟ್ಟುವ ಸಲಹೆಗೆ ಬರೋಣ. ಖಂಡಿತ ಬೇಡ. ಇಂಟರ್‌ವ್ಯೂ ಮಾಡುವವರಿಗೆ ಮೊದಲ ಉತ್ತರ ಮುಖ್ಯವೇ ಅಲ್ಲ. ಮೂರನೇ, ನಾಲ್ಕನೇ ಮರುಪ್ರಶ್ನೆಯಲ್ಲಿ ವಿಷಯ ಗೊತ್ತಾಗುತ್ತದೆ. ‘ಆಗ ಅವರು ಏನಂದರು? ನೀವು ಅದನ್ನು ಎಲ್ಲಿ ಬರೆದಿಟ್ಟಿರಿ? ಎಚ್ಆರ್‌ನವರು ಒಪ್ಪಿದರಾ?’ ನಡೆದದ್ದಾದರೆ ಇಂಥ ಪ್ರಶ್ನೆಗೆ ನೆನಪು ತಾನಾಗೇ ಬಿಚ್ಚಿಕೊಳ್ಳುತ್ತದೆ. ಕಟ್ಟಿದ್ದಾದರೆ ಮತ್ತೆ ‘ಮಾತಾಡಿದೆವು, ಸುಧಾರಿಸಿತು’ಗೆ ಬಂದು ನಿಲ್ಲುತ್ತದೆ. ಪ್ಯಾನೆಲ್‌ನವರು ಆಮೇಲೆ ಕೂತು ಟಿಪ್ಪಣಿ ಹೋಲಿಸುತ್ತಾರೆ, ಒಂದೇ ಘಟನೆ ಎರಡು ರೌಂಡ್‌ನಲ್ಲಿ ಎರಡು ಥರ ಬಂದರೆ ಅಲ್ಲಿಗೆ ಮುಗಿಯಿತು. ಬೆಂಗಳೂರು ಐಟಿ ದೊಡ್ಡದಾಗಿ ಕಂಡರೂ ಚಿಕ್ಕ ಊರು. ನಿಮ್ಮ ಈಗಿನ ಕಂಪನಿಯಲ್ಲಿ ಕೆಲಸ ಮಾಡಿದವರು ಯಾರಾದರೂ ಅಲ್ಲಿರುವ ಸಾಧ್ಯತೆ ಜಾಸ್ತಿ. ಇನ್ನೊಂದು ವಿಷಯ, ಅದು ನನಗೆ ಇವೆಲ್ಲಕ್ಕಿಂತ ದೊಡ್ಡದು. ನಾಳೆ ನಿಮ್ಮ ಕೈಕೆಳಗೆ ಬರುವವರು ನಿಮ್ಮ ಮಾತನ್ನು ನಂಬಿ ತಮ್ಮ ರೇಟಿಂಗ್, ಬಡ್ತಿ, ಮನೆ ಸಾಲದ ಲೆಕ್ಕ ಹಾಕುತ್ತಾರೆ. ಆ ಕುರ್ಚಿಗೆ ಸುಳ್ಳಿನಿಂದ ಹೋಗಬೇಡಿ.

‘ಯಾರನ್ನಾದರೂ ಕೆಲಸದಿಂದ ತೆಗೆದಿದ್ದೀರಾ?’ ಅಂತ ಕೇಳಿದರೆ ‘ಇಲ್ಲ’ ಅನ್ನಿ. ಆಮೇಲೆ, ನನ್ನ ಮುಂದೆ ಆ ಸ್ಥಿತಿ ಬಂದರೆ ಹೀಗೆ ನಡೆಯುತ್ತೇನೆ ಅಂತ ಹೇಳಿ. ತೊಂದರೆ ಕಂಡ ವಾರವೇ ಮಾತಾಡುತ್ತೇನೆ. ಏನು ಬದಲಾಗಬೇಕು, ಯಾವಾಗಿನ ಒಳಗೆ ಅಂತ ಬರೆದು ಕೊಡುತ್ತೇನೆ. ಸಹಾಯ ಬೇಕಾದ್ದು ಒದಗಿಸುತ್ತೇನೆ. ಎಚ್ಆರ್‌ಗೆ ಕೊನೆಯಲ್ಲಲ್ಲ, ಮೊದಲೇ ತಿಳಿಸುತ್ತೇನೆ. ಕೊನೆಗೂ ಆಗದಿದ್ದರೆ, ಪಿಐಪಿ (ಇಷ್ಟು ದಿನದಲ್ಲಿ ಸುಧಾರಿಸಬೇಕು ಅಂತ ಕೊಡುವ ಲಿಖಿತ ಗಡುವು) ಅನ್ನುವ ಪದ ಅವರಿಗೆ ಸಿಡಿಲಿನ ಹಾಗೆ ಬಂದು ಬೀಳಬಾರದು. ಇಷ್ಟು ಸಾಕು. ‘ಇಲ್ಲ’ ಅಂತ ನೇರವಾಗಿ ಹೇಳಿದವರನ್ನು ನಾನು ಆರಿಸಿದ್ದೇನೆ.

ಅಪ್ರೈಸಲ್ ಬರೆದಿಲ್ಲ ಅಂದಿರಿ. ಆದರೆ ಆ ಆರು ಜನರ ಬಗ್ಗೆ ನಿಮ್ಮ ಮ್ಯಾನೇಜರ್ ನಿಮ್ಮನ್ನು ಕೇಳಿಯೇ ಇರುತ್ತಾರೆ. ಯಾರಿಗೆ ಜಾಸ್ತಿ ಕೊಡಬೇಕು ಅಂತ ವಾದ ಮಾಡಿದಿರಾ? ಸೋತಿರಾ? ಸೋತಿದ್ದನ್ನು ಆ ವ್ಯಕ್ತಿಗೆ ಹೇಗೆ ಹೇಳಿದಿರಿ? ಫ್ರೆಶರ್‌ಗಳ ಇಂಟರ್‌ವ್ಯೂ ಮಾಡಿದ್ದೀರಾ, ನೀವು ಬೇಡ ಅಂದವರು ಯಾರು, ಯಾಕೆ? ಕೋಡ್ ರಿವ್ಯೂನಲ್ಲಿ ಇಬ್ಬರು ಕಿತ್ತಾಡಿದಾಗ ಮಧ್ಯೆ ಹೋಗಿದ್ದು? ಒಪ್ಪಿಕೊಂಡ ಡೇಟ್ ಆಗಲ್ಲ ಅಂತ ಪ್ರಾಡಕ್ಟ್‌ನವರಿಗೆ ಹೇಳಿದ್ದು? ಒಳ್ಳೆಯ ಹುಡುಗ ರಾಜೀನಾಮೆ ಕೊಟ್ಟಾಗ ತಡೆಯಲು ನೋಡಿದ್ದು? ಇವೆಲ್ಲ ಮ್ಯಾನೇಜರ್ ಕೆಲಸವೇ. ಒಂದು 200 ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಹಳೆಯ ಕ್ಯಾಲೆಂಡರ್, ಸ್ಲ್ಯಾಕ್ ಚಾಟ್, ರಿಲೀಸ್ ಟಿಪ್ಪಣಿಗಳನ್ನು ತಿರುವಿ ಹಾಕಿ ಎರಡು ವರ್ಷದಲ್ಲಿ ನಡೆದದ್ದನ್ನು ನೆನಪು ಮಾಡಿಕೊಳ್ಳಿ. ಕಂಪನಿಯ ಗುಟ್ಟು, ಜನರ ಹೆಸರು ಬೇಡ. ಒಂದು ಘಟನೆಗೆ ಎರಡು ಪುಟ. ಎಂಟು ಹತ್ತು ಘಟನೆ ಸಿಕ್ಕರೆ ಯಾವ ಪ್ರಶ್ನೆ ಬಂದರೂ ಅವುಗಳಲ್ಲಿ ಒಂದು ಹೊಂದುತ್ತದೆ. ಸನ್ನಿವೇಶ, ಹೊಣೆ, ಮಾಡಿದ್ದು, ಫಲ ಅನ್ನುವ ‘ಸ್ಟಾರ್’ ವಿಧಾನ ನೀವು ಕೇಳಿರುತ್ತೀರಿ. ಅದು ಒಳ್ಳೆಯದೇ. ಆದರೆ ಜನ ಸನ್ನಿವೇಶಕ್ಕೇ ಮೂರು ನಿಮಿಷ ಕಳೆಯುತ್ತಾರೆ. ನಿಮ್ಮ ಸಿಸ್ಟಮ್‌ನ ಚರಿತ್ರೆ ನಮಗೆ ಬೇಡ. ಎರಡು ವಾಕ್ಯದಲ್ಲಿ ಮುಗಿಸಿ ‘ನಾನು ಮಾಡಿದ್ದು’ ಅನ್ನುವಲ್ಲಿಗೆ ಬನ್ನಿ. ಕೊನೆಯಲ್ಲಿ ‘ಈಗಾಗಿದ್ದರೆ ಬೇರೆ ಏನು ಮಾಡುತ್ತಿದ್ದೆ’ ಅಂತ ಒಂದು ಸಾಲು ಸೇರಿಸಿ.

ಮೊದಲ ಎರಡು ವಾರ ನೋಟ್‌ಬುಕ್‌ಗೇ ಹೋಗಲಿ. ಆಮೇಲಿನ ಎರಡು ವಾರ ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿ, ಮಧ್ಯೆ ತಡೆದು ಕೇಳುವ ಸ್ನೇಹಿತರ ಮುಂದೆ. ಸುಮ್ನೆ ತಲೆ ಆಡಿಸುವವರಿಂದ ಉಪಯೋಗವಿಲ್ಲ. ಕೊನೆಯ ವಾರ ಹೊಸದೇನೂ ಓದಬೇಡಿ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಈ ಇಂಟರ್‌ವ್ಯೂಗೆ ಹೋಗುವುದಂತೂ ಸರಿ. ಆದರೆ ಇದೊಂದನ್ನೇ ನಂಬಿಕೊಳ್ಳಬೇಡಿ. ಈಗಿನ ಕಂಪನಿಯಲ್ಲೇ ಇಬ್ಬರನ್ನಾದರೂ ನಿಮಗೆ ರಿಪೋರ್ಟ್ ಮಾಡುವ ಹಾಗೆ ಮಾಡಿಸಿಕೊಳ್ಳುವುದು ನನ್ನ ಪ್ರಕಾರ ಅತ್ಯಂತ ಗಟ್ಟಿ ದಾರಿ. ಒಂದು ಅಪ್ರೈಸಲ್ ಸುತ್ತು ಕಳೆದರೆ ನಿಮ್ಮ ಮಾತಿನ ತೂಕವೇ ಬೇರೆ. ಅದರ ಅಪಾಯ ಏನೆಂದರೆ, ‘ಮುಂದಿನ ಸಲ ನೋಡೋಣ’ ಅಂತ ಎರಡು ವರ್ಷ ಎಳೆಯಬಹುದು. ಅದಕ್ಕೇ ತಿಂಗಳು ಗೊತ್ತುಮಾಡಿಕೊಂಡು ಕೇಳಿ. ಸಣ್ಣ ಸ್ಟಾರ್ಟಪ್‌ನಲ್ಲಿ ಮ್ಯಾನೇಜರ್ ಹೆಸರು ಬೇಗ ಸಿಗುತ್ತದೆ, ಆದರೆ ಅರ್ಧ ದಿನ ಕೋಡ್, ಅರ್ಧ ದಿನ ಜನ, ರಾತ್ರಿ ಆನ್‌ಕಾಲ್, ಅಂದರೆ ಸಿಸ್ಟಮ್ ಕೆಟ್ಟರೆ ಫೋನ್ ಎತ್ತಲೇಬೇಕು. ದುಡ್ಡು ನಿಂತರೆ ಟೀಮೇ ಇರುವುದಿಲ್ಲ. ಸೇರುವ ಮೊದಲು ಎಷ್ಟು ಜನ ರಿಪೋರ್ಟ್ ಮಾಡುತ್ತಾರೆ, ಈ ಜಾಗ ಯಾಕೆ ಖಾಲಿಯಾಯಿತು, ಮೊದಲಿದ್ದವರು ಎಲ್ಲಿ ಹೋದರು ಅಂತ ಕೇಳಿ. ಸ್ಟಾಫ್ ಎಂಜಿನಿಯರ್ ಅನ್ನುವ ದಾರಿಯೂ ಇದೆ, ಜನರನ್ನು ನಡೆಸದೆ ಟೆಕ್ನಿಕಲ್ ಕೆಲಸದಲ್ಲೇ ಮೇಲೇರುವುದು. ಜನರ ಗೋಜು ನಿಜವಾಗಿ ಇಷ್ಟವಿಲ್ಲದೆ ಬರೀ ಸಂಬಳಕ್ಕಾಗಿ ಮ್ಯಾನೇಜರ್ ಆಗಲು ಹೊರಟಿದ್ದರೆ ಅದನ್ನು ಗಂಭೀರವಾಗಿ ಯೋಚಿಸಿ. ಆದರೆ ನಿಮ್ಮ ಪತ್ರ ಓದಿದರೆ ಹಾಗೆ ಅನ್ನಿಸುವುದಿಲ್ಲ.

ಆಫರ್ ಬಂದರೆ, ಪತ್ರ ಕೈಗೆ ಬರುವ ತನಕ ರಾಜೀನಾಮೆ ಬೇಡ. ನಿಮ್ಮ ನೋಟಿಸ್ ಪೀರಿಯಡ್ 90 ದಿನ ಇದ್ದರೆ ಮೊದಲ ಫೋನ್‌ನಲ್ಲೇ ಹೇಳಿ. ಸಿಟಿಸಿ (ಕಂಪನಿ ನಿಮಗಾಗಿ ಮಾಡುವ ವರ್ಷದ ಒಟ್ಟು ಖರ್ಚು) ಅಂಕಿ ನೋಡಿ ಮರುಳಾಗಬೇಡಿ. ಅದರಲ್ಲಿ ಷೇರು ಎಷ್ಟು, ಕೈಗೆ ಬರುವುದು ಎಷ್ಟು ಅಂತ ಬಿಡಿಸಿ ನೋಡಿ. ಷೇರುಗಳನ್ನು ಸಾಮಾನ್ಯವಾಗಿ ನಾಲ್ಕು ವರ್ಷಕ್ಕೆ ಹಂಚಿರುತ್ತಾರೆ, ಎಷ್ಟೋ ಕಡೆ ಮೊದಲ ವರ್ಷ ಮುಗಿಯುವ ತನಕ ಒಂದೂ ಸಿಗುವುದಿಲ್ಲ.

ಕೊನೆಗೆ, ಈಗಿನ ಮ್ಯಾನೇಜರ್‌ಗೆ ಹೇಳಬೇಕಾ ಅಂತ ಕೇಳಿದ್ದೀರಿ. ಇಂಟರ್‌ವ್ಯೂ ವಿಷಯ ಈಗ ಬೇಡ. ಅವರು ಎಷ್ಟೇ ಒಳ್ಳೆಯವರಾದರೂ, ಹೋಗುವವರು ಅಂತ ಒಮ್ಮೆ ಮನಸ್ಸಿಗೆ ಬಂದರೆ ಮುಂದಿನ ಮುಖ್ಯ ಕೆಲಸ ಬೇರೆಯವರಿಗೆ ಹೋಗುತ್ತದೆ. ಆದರೆ ಈ ವಾರವೇ ಅವರ ಜೊತೆ ಕೂತು, ‘ಈ ಸಲದ ಅಪ್ರೈಸಲ್‌ನಲ್ಲಿ ಇಬ್ಬರದ್ದು ನಾನು ಬರೆಯುತ್ತೇನೆ ಸರ್, ನೀವು ತಿದ್ದಿ. ಅವರಿಗೆ ಹೇಳುವಾಗ ನಾನೂ ಪಕ್ಕದಲ್ಲಿರುತ್ತೇನೆ’ ಅಂತ ಕೇಳಿ. ಎಷ್ಟೋ ಮ್ಯಾನೇಜರ್‌ಗಳು ಖುಷಿಯಿಂದ ಒಪ್ಪುತ್ತಾರೆ, ಬರೆಯುವ ಕೆಲಸ ಅವರಿಗೂ ಹೊರೆಯೇ. ಒಪ್ಪಿದರೆ ನೋಟ್‌ಬುಕ್‌ನಲ್ಲಿ ಅದಕ್ಕಾಗಿ ಎರಡು ಪುಟ ಖಾಲಿ ಇಟ್ಟುಕೊಳ್ಳಿ.